ಬಡಗು ಬದಿಯ ಬೋರೆ ಮರ

ಕಳೆದ ಡಿಸೆಂಬರಿನಲ್ಲಿ ಮಗಳು ಹೊಸ ಗಾಡಿ ಕೊಂಡ ಖುಷಿಗೆ ನಮ್ಮನ್ನು ಖೋರ್‌ಫಕ್ಕಾನಿನ ಕಡಲತೀರಕ್ಕೆ ಕರೆದುಕೊಂಡು ಹೋದಳು. ಈಗ ಅಲ್ಲಿಗೆ ಬೆಟ್ಟ ಕೊರೆದು ಮಾಡಿದ ಹೊಸ ಹೆದ್ದಾರಿ ಇದೆ. ಒಂದು ಸುರಂಗದಿಂದ ಹೊರಬಂದು ಕಣ್ಣು ಬೆಳಕಿಗೆ ಹೊಂದಿಕೊಳ್ಳುವ ಮೊದಲೇ ಇನ್ನೊಂದು ಸುರಂಗ. ಹಿಂದಿನ ಸೀಟಿನಲ್ಲಿ ನನ್ನ ಹೆಂಡತಿ ಜೆಸಿಂತಾ ಜಪಮಾಲೆ ಹಿಡಿದು ಕೂತಿದ್ದಳು. ಅವಳ ಜಪ ಮುಗಿಯುವ ಮೊದಲೇ ಸಮುದ್ರ ಬಂತು. ಎರಡು ಸುರಂಗಗಳ ನಡುವೆ ಗಾಡಿ ನಿಧಾನವಾದಾಗ ನಾನು ಕಿಟಕಿಯ ಗಾಜು ಇಳಿಸಿದೆ. ಒಣಕಲ್ಲು, ಆಡಿನ ಹಿಕ್ಕೆ, ಎಲ್ಲೋ ಸ್ವಲ್ಪ ನೀರು ನಿಂತ ಕೆಸರು, ಎಲ್ಲ ಸೇರಿದ ಒಂದು ವಾಸನೆ ಒಳಗೆ ಬಂತು.

“ಡ್ಯಾಡ್, ವಿಂಡೋ ಪ್ಲೀಸ್. ಎಸಿ ಆನ್ ಇದೆ,” ಎಂದಳು ಮಗಳು.

ಗಾಜು ಏರಿಸಿದೆ. ಆದರೆ ಬರುವುದು ಬಂದಾಗಿತ್ತು. ಆಮೇಲೆ ಕಡಲತೀರದಲ್ಲಿ ಅವರಿಬ್ಬರೂ ಫೋಟೋ ತೆಗೆಯುತ್ತಿದ್ದಾಗ ನಾನು ಸಮುದ್ರಕ್ಕೆ ಬೆನ್ನು ಹಾಕಿ ಬೆಟ್ಟವನ್ನೇ ನೋಡುತ್ತಾ ಕೂತೆ. ಆ ಬೆಟ್ಟಗಳ ಒಳಗೆ ನಾನೂ ಹಸನಾಕನೂ ಒಂದಿಡೀ ಚಳಿಗಾಲ ನಡೆದಿದ್ದೇವೆ.

ಅದು ಎರಡು ಸಾವಿರದ ಹನ್ನೆರಡು ಮುಗಿದು ಹದಿಮೂರು ಹುಟ್ಟಿದ ಚಳಿಗಾಲ. ಹಸನಬ್ಬ ಹೆಜಮಾಡಿ ಕೋಡಿಯ ಬ್ಯಾರಿ, ನಮ್ಮ ಕರಾವಳಿಯ ಮುಸ್ಲಿಮರು. ಅಬುಧಾಬಿಯ ಅಲ್ ಮೀನಾ ತರಕಾರಿ ಮಾರ್ಕೆಟಿನಲ್ಲಿ ಅಂಗಡಿ ಇಟ್ಟುಕೊಂಡಿದ್ದರು. ನನಗಿಂತ ಹಿರಿಯರಾದ್ದರಿಂದ ಬ್ಯಾರಿಗಳು ಅಣ್ಣನನ್ನು ಕರೆಯುವ ಹಾಗೆ ಹಸನಾಕ ಎಂದೇ ಕರೆಯುತ್ತಿದ್ದೆ. ನಾನು ಶಿರ್ವದ ಕಡೆಯ ಕ್ರಿಶ್ಚಿಯನ್, ಹೆಸರು ವಲೇರಿಯನ್, ಜೆಬೆಲ್ ಅಲಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಸ್ಟೋರ್ ಇನ್‌ಚಾರ್ಜ್. ನಮ್ಮ ಮೊದಲ ಭೇಟಿ ಆದದ್ದು ಕೊಳೆತ ಈರುಳ್ಳಿಯ ಮೇಲೆ, ಜಗಳದಲ್ಲಿ. ಹಿಂದಿಯಲ್ಲಿ ಶುರುವಾದ ಜಗಳ ಸಿಟ್ಟು ಏರಿದ ಹಾಗೆ ತುಳುವಿಗೆ ಇಳಿಯಿತು. ಇಬ್ಬರೂ ಒಮ್ಮೆಲೇ ಬಾಯಿ ಮುಚ್ಚಿ ಮುಖ ಮುಖ ನೋಡಿಕೊಂಡೆವು. ಆಮೇಲೆ ಅವರು, ತುಳುವಿನಲ್ಲಿ ಕ್ರಿಶ್ಚಿಯನ್ನರನ್ನು ಕರೆಯುವ ಹಾಗೆ, ನನ್ನನ್ನು ಪೊರ್ಬುಗಳೇ ಎನ್ನುವುದು, ನಾನು ಅವರನ್ನು ಬ್ಯಾರಿಗಳೇ ಎನ್ನುವುದು, ಅರ್ಧ ತುಳು ಅರ್ಧ ಕನ್ನಡದ ಆ ಕೀಟಲೆ ಎಂದೂ ನಿಲ್ಲಲಿಲ್ಲ.

ಆ ವರ್ಷ ನನಗೆ ಸಕ್ಕರೆ ಕಾಯಿಲೆ ಬಂದಿತ್ತು. ಡಾಕ್ಟರು ನಡೆಯಲು ಹೇಳಿದರು. ನಾನಿದ್ದದ್ದು ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಫ್ಲಾಟಿನಲ್ಲಿ. ಅಲ್ಲಿ ಗೋದಾಮುಗಳ ನಡುವೆ ನಡೆದರೆ ಲಾರಿಯ ಧೂಳು ತಿನ್ನಬೇಕು. ಆಫೀಸಿನ ಕೆಲವರು ಶುಕ್ರವಾರ ಬೆಟ್ಟಗಳ ವಾದಿಗಳಿಗೆ ಹೋಗುತ್ತಿದ್ದರು. ವಾದಿ ಎಂದರೆ ಇಲ್ಲಿಯ ಹೊಳೆ, ವರ್ಷದ ಹೆಚ್ಚಿನ ದಿನ ನೀರಿಲ್ಲದ ಬರೀ ಕಲ್ಲಿನ ಹೊಳೆ. ಕೆಲವು ಕಡೆ ಮಾತ್ರ ಒರತೆ ಎದ್ದು, ಎತ್ತರದ ಬಂಡೆಗಳ ಸಂದಿಯಲ್ಲಿ ಹಸಿರು ನೀರು ನಿಂತಿರುತ್ತದೆ. ನಾನೂ ಅವರ ಜೊತೆ ಒಂದೆರಡು ಸಲ ಹೋದೆ. ಊರಿನಲ್ಲಿ ಹೊಳೆ ದಾಟುವ ಅಭ್ಯಾಸ ಬಿಡದೆ, ನೀರು ಕಂಡಲ್ಲೆಲ್ಲ ಷೂ ಕಳಚಿ ಕೊರಳಿಗೆ ಹಾಕಿ ದಾಟಿ ಮತ್ತೆ ಕೂತು ಲೇಸು ಕಟ್ಟುತ್ತಿದ್ದೆ. ಹೊಳೆ ತಿರುಗಿ ತಿರುಗಿ ಅಡ್ಡ ಬರುತ್ತಿತ್ತು. ಆಫೀಸಿನವರು ಮೂರನೆಯ ವಾರ ನನ್ನನ್ನು ಕರೆಯಲಿಲ್ಲ.

ಹೋದ ಕಡೆ ತೆಗೆದ ಫೋಟೋಗಳನ್ನು ಒಮ್ಮೆ ಹಸನಾಕನಿಗೆ ತೋರಿಸುತ್ತಿದ್ದೆ. ಬೆಟ್ಟದ ಮೈಗೆ ಹಳಬರು ಕಲ್ಲು ಜೋಡಿಸಿ ಮಾಡಿದ ಮೆಟ್ಟಿಲು ದಾರಿಯ ಫೋಟೋ ಬಂದಾಗ ಅವರು ಫೋನು ಕೈಯಿಂದ ಕಿತ್ತುಕೊಂಡರು.

“ಇದು ಖೋರ್‌ಫಕ್ಕಾನ್ ಬದಿಯಾ?”

“ಹೌದು. ಯಾಕೆ?”

ಅವರು ಅಂಗಡಿಯ ಈರುಳ್ಳಿ ಗೋಣಿಯ ಮೇಲೆ ಕೂತರು. ಆ ದಿನ ಅವರು ಹೇಳಿದ್ದು ಇಷ್ಟು.

ಅರುವತ್ತರ ದಶಕದ ಮಾತು. ಈ ದೇಶಕ್ಕೆ ಆಗ ಈ ಹೆಸರೇ ಇರಲಿಲ್ಲ. ಹಸನಾಕ ಉಪ್ಪ ಎಂದು ಕರೆಯುವ ಅವರ ತಂದೆ ಅಬ್ಬು ಬ್ಯಾರಿ ಮತ್ತು ಅವರ ತಮ್ಮ ಪಕ್ರಬ್ಬ ಊರಿನ ಇನ್ನು ಕೆಲವರ ಜೊತೆ ಲಾಂಚು ಹತ್ತಿ ಬಂದರು. ಪಾಸ್‌ಪೋರ್ಟೂ ಇಲ್ಲ, ಪರವಾನಗಿಯೂ ಇಲ್ಲ. ಲಾಂಚಿನವನು ಖೋರ್‌ಫಕ್ಕಾನಿನ ಹತ್ತಿರ ಒಂದು ಬಂಡೆ ತೋರಿಸಿ ಇಳಿಯಿರಿ ಎಂದ. ಈಜಿ ದಡ ಸೇರಿ, ಬೆಟ್ಟ ದಾಟಿ, ಆಚೆಯ ಮರಳಿನಲ್ಲಿ ದುಬೈ ಕಡೆಗೆ ನಡೆಯಬೇಕು. ಪಕ್ರಬ್ಬನಿಗೆ ಲಾಂಚಿನಲ್ಲೇ ಜ್ವರ ಹಿಡಿದಿತ್ತು. ಬೆಟ್ಟದ ನಡುವೆ ಒಂದು ತೋಡಿನ ದಡದಲ್ಲಿ, ಬೋರೆ ಮರದ ಬುಡದಲ್ಲಿ, ಬೆಳಕು ಹರಿಯುವ ಹೊತ್ತಿಗೆ ಅವನ ಉಸಿರು ನಿಂತಿತು. ಹತ್ತಿರದಲ್ಲೇ ನಾಯಿ ಬೊಗಳುತ್ತಿತ್ತು. ನಾಯಿ ಇದ್ದಲ್ಲಿ ಮನೆ, ಮನೆ ಇದ್ದಲ್ಲಿ ಸಿಕ್ಕಿಬೀಳುವ ಹೆದರಿಕೆ. ನೆಲ ಅಗೆಯಲು ಕೈಯಲ್ಲಿ ಏನೂ ಇಲ್ಲ. ಮೈಮೇಲೆ ಕಲ್ಲು ಪೇರಿಸಿ ಉಳಿದವರು ನಡೆದುಬಿಟ್ಟರು.

“ಮಯ್ಯತ್ತಿಗೆ ನೀರು ಹಾಕಿ ತೊಳೀಲಿಲ್ಲ, ನಮಾಜು ಮಾಡ್ಲಿಲ್ಲ,” ಎಂದರು ಹಸನಾಕ. “ಉಪ್ಪ ಮತ್ತೆ ಇಲ್ಲೇ ಅಬುಧಾಬಿಯಲ್ಲಿ ಎಷ್ಟೋ ವರ್ಷ ದುಡಿದ್ರು. ಪೇಪರ್ ಎಲ್ಲ ಸರಿಯಾದ ಮೇಲೂ ಆ ಬೆಟ್ಟದ ಕಡೆ ಕಾಲಿಡ್ಲಿಲ್ಲ. ನಾಯಿ ನರಿ ಎಳೆದು ಹಾಕಿದ್ದು ಕಣ್ಣಿಗೆ ಬಿದ್ರೆ ಎಂತ ಮಾಡುದು ಅಂತ. ಈಗ ಹಾಸಿಗೆ ಹಿಡಿದಿದ್ದಾರೆ. ಯಾವಾಗ ಫೋನು ಮಾಡಿದ್ರೂ ಅದೊಂದೇ, ‘ಹಸನಾ, ಅವನು ಅಲ್ಲೇ ಇದ್ದಾನಾ?’ ಅಂತ.”

ನಾನು “ಹೋಗಿ ನೋಡುವ,” ಎಂದೆ. ಬಾಯಿಂದ ಬಂದ ಮಾತು ಬಂದಾಯಿತು. ಆಮೇಲೆ ಪ್ರತಿ ಶುಕ್ರವಾರ ಅದನ್ನು ನಡೆಸಿಕೊಡುವ ಕೆಲಸ ನನ್ನ ತಲೆಗೆ ಬಂತು.

ಶುಕ್ರವಾರ ಎನ್ನುವುದು ಆಗ ಇಲ್ಲಿ ಸಣ್ಣ ವಿಷಯವಲ್ಲ. ವಾರಕ್ಕೆ ಸರಿಯಾದ ರಜೆ ಅದೊಂದೇ. ಮುಸ್ಲಿಮರಿಗೆ ಜುಮ್ಮಾ ನಮಾಜು. ನಮಗೆ ಭಾನುವಾರದ ಪೂಜೆಯೂ ಇಲ್ಲಿ ಶುಕ್ರವಾರವೇ. ಮಕ್ಕಳ ಧರ್ಮಬೋಧನೆ ತರಗತಿಯೂ ಅಂದೇ, ತಿಂಗಳ ಸಾಮಾನು ತರುವುದೂ ಅಂದೇ. ಹಸನಾಕ ಅಬುಧಾಬಿಯಿಂದ ಮುಂಜಾನೆ ಹೊರಟು ನನ್ನ ಫ್ಲಾಟಿನ ಕೆಳಗೆ ಬಂದು ಹಾರ್ನು ಹೊಡೆಯದೆ ಮಿಸ್ಡ್ ಕಾಲ್ ಕೊಡುತ್ತಿದ್ದರು. ಅಲ್ಲಿಂದ ನನ್ನ ಗಾಡಿ. ಜುಮ್ಮಾಕ್ಕೆ ಬೆಟ್ಟದ ಕೆಳಗಿನ ಊರಿನ ಮಸೀದಿಯಲ್ಲಿ ಅವರು ಒಳಗೆ, ನಾನು ಗಾಡಿಯಲ್ಲಿ. ನನ್ನ ಪೂಜೆ ಸಂಜೆ, ಜೆಬೆಲ್ ಅಲಿಯ ಇಗರ್ಜಿಯಲ್ಲಿ.

“ಪೂಜೆ ತಪ್ಪಿಸಿ ಗುಡ್ಡ ಹತ್ತಿದ್ರೆ ಯಾವ ಸಕ್ಕರೆ ಇಳೀತದೆ ನೋಡ್ತೇನೆ,” ಎಂದಿದ್ದಳು ಜೆಸಿಂತಾ. ಪಕ್ರಬ್ಬನ ವಿಷಯ ಅವಳಿಗೆ ಹೇಳಿದ ಮೇಲೆ ಹಾಗೆ ಅನ್ನಲಿಲ್ಲ. ಆದರೆ ಸಂಜೆಯ ಪೂಜೆಗೆ ಪಕ್ಕದ ಜಾಗದಲ್ಲಿ ನಾನು ಇರಲೇಬೇಕು ಎಂದು ಮಾತು ತೆಗೆದುಕೊಂಡಳು.

ನವೆಂಬರಿನಲ್ಲಿ ಶುರು ಮಾಡಿದೆವು. ದೂರದ ಬೆಟ್ಟ ನುಣ್ಣಗೆ ಎನ್ನುವ ಮಾತು ಆ ಬೆಟ್ಟಗಳಿಗೆ ಸಲ್ಲುವುದಿಲ್ಲ. ಅವು ದೂರದಿಂದಲೂ ಒರಟು, ಹತ್ತಿರದಿಂದಲೂ ಒರಟು. ಮಣ್ಣೆನ್ನುವುದೇ ಇಲ್ಲ, ಮುಟ್ಟಿದರೆ ಕೈಗೆ ಬರುವ ಕಂದು ಕಲ್ಲು. ಹಾಗಿದ್ದರೂ ಅಲ್ಲಿ ಜನ ಬದುಕಿದ್ದರು. ಇಳಿಜಾರಿನಲ್ಲಿ ಕಟ್ಟೆ ಕಟ್ಟಿ ಮಾಡಿದ ಒಂದೊಂದು ಮೊಳ ಅಗಲದ ಗದ್ದೆ, ಬಂಡೆಯ ಅಂಚಿನಲ್ಲೇ ಕೊರೆದು ತಂದ ನೀರಿನ ಕಾಲುವೆ, ಮಾಡು ಕುಸಿದ ಕಲ್ಲಿನ ಮನೆ. ಬಾಗಿಲು ಇಷ್ಟು ಗಿಡ್ಡ, ಒಳಗೆ ಹೋಗಲು ಬಾಗಬೇಕು. ಜನ ಎಲ್ಲ ಕೆಳಗೆ ಸರಕಾರ ಕಟ್ಟಿಸಿಕೊಟ್ಟ ಮನೆಗಳಿಗೆ ಹೋಗಿದ್ದರು. ಹಸನಾಕ ಚಪ್ಪಲಿಯಲ್ಲೇ ನಡೆಯುತ್ತಿದ್ದರು. ಷೂ ಕೊಡಿಸುತ್ತೇನೆಂದರೆ, “ಉಪ್ಪ ಬರಿಗಾಲಲ್ಲಿ ದಾಟಿದ್ದು, ನನಗೆ ಚಪ್ಪಲಿ ಉಂಟಲ್ಲ,” ಎನ್ನುತ್ತಿದ್ದರು. ನೀರು ಸಿಕ್ಕಿದರೆ ಚಪ್ಪಲಿ ಸಮೇತ ದಾಟಿ ಹೋಗುತ್ತಿದ್ದರು. ನಾನು ಹಿಂದೆ ಕೂತು ಲೇಸು ಬಿಚ್ಚುತ್ತಿದ್ದೆ.

ಅಬ್ಬು ಬ್ಯಾರಿಗಳ ನೆನಪಿನಲ್ಲಿ ಇದ್ದ ಗುರುತುಗಳು ಕೆಲವೇ. ಸಮುದ್ರದಿಂದ ಬೆಟ್ಟದ ಬಾಯಿ ಸೇರಿದ ಮೇಲೆ ಎರಡು ಬಂಡೆ ಒಂದಕ್ಕೊಂದು ಒರಗಿ ನಿಂತ ಜಾಗ. ಅದರಾಚೆ ಕಲ್ಲಿನ ಮೆಟ್ಟಿಲು. ಮೆಟ್ಟಿಲು ಇಳಿದರೆ ನೀರಿರುವ ತೋಡು. ತೋಡಿನ ಬಡಗು ಬದಿಯಲ್ಲಿ, ಎಂದರೆ ಉತ್ತರಕ್ಕೆ, ಬೋರೆ ಮರ. ಮೊದಲ ಎರಡು ತಿಂಗಳು ಬೇರೆ ಬೇರೆ ವಾದಿಗಳಲ್ಲಿ ಅಲೆದು, ಎರಡು ಬಂಡೆಗಳು ಒರಗಿದ್ದನ್ನೆಲ್ಲ ನೋಡಿ ವಾಪಸು ಬಂದೆವು. ಕ್ರಿಸ್ಮಸ್ ಕಳೆದ ಮೇಲೆ ಒಂದು ವಾದಿ ಸಿಕ್ಕಿತು. ಬಂಡೆಗಳು ಸರಿ, ಮೆಟ್ಟಿಲು ಸರಿ, ನೀರು ಸರಿ, ಪಾಳು ಬಿದ್ದ ಒಂದು ಊರೂ ಸರಿ. ಹಸನಾಕ ಮೆಟ್ಟಿಲಿನ ಮೇಲೆ ನಿಂತು, “ಇದೇ,” ಎಂದರು. ನನಗೂ ಹಾಗೇ ಅನಿಸಿತು. ಆ ದಿನ ಇಬ್ಬರೂ ಮಕ್ಕಳ ಹಾಗೆ ಖುಷಿಪಟ್ಟೆವು.

ಆದರೆ ಬಡಗು ಬದಿಯಲ್ಲಿ ಬೋರೆ ಮರ ಇರಲಿಲ್ಲ. ಬುಡವೂ ಇಲ್ಲ, ಕಡಿದ ಗುರುತೂ ಇಲ್ಲ. ಕಲ್ಲಿನ ರಾಶಿಗೇನೂ ಕಡಿಮೆ ಇರಲಿಲ್ಲ. ಆ ಬೆಟ್ಟವೇ ಒಂದು ಕಲ್ಲಿನ ರಾಶಿ. ಹಸನಾಕ ಒಂದೊಂದು ರಾಶಿಯ ಮುಂದೆಯೂ ನಿಂತು, ಬಾಗಿ ನೋಡಿ, ತುಟಿ ಅಲುಗಿಸಿ, ಮುಂದೆ ಹೋಗುತ್ತಿದ್ದರು. ವಾರ ವಾರ ಇದೇ. ಬೆಟ್ಟ ಇಳಿದು ಫೋನಿಗೆ ನೆಟ್‌ವರ್ಕ್ ಸಿಕ್ಕಿದ ಕೂಡಲೇ ಊರಿಗೆ ಕರೆ. ಅಲ್ಲಿ ಹಸನಾಕನ ತಂಗಿ ಫೋನನ್ನು ತಂದೆಯ ಕಿವಿಗೆ ಹಿಡಿಯುತ್ತಿದ್ದಳು. ಅವರಿಗೆ ಕಿವಿ ಮಂದ. ಹಾಗಾಗಿ ಎರಡೂ ಕಡೆ ಬೊಬ್ಬೆ. ಗಾಡಿಯಲ್ಲಿ ಕೂತ ನನಗೆ ಒಂದಕ್ಷರ ಬಿಡದೆ ಕೇಳುತ್ತಿತ್ತು.

“ಬಡಗು ಬದಿ ಅಂತ ಹೇಳಿದ್ದಲ್ವಾ ನಿನಗೆ! ಬಡಗು ಬದಿ!”

“ಅಲ್ಲೇ ಹುಡುಕಿದ್ದು ಉಪ್ಪ.”

“ಹಾಗಾದ್ರೆ ಸರಿ ಹುಡುಕ್ಲಿಲ್ಲ. ಕಣ್ಣು ಎಲ್ಲಿ ಇಟ್ಟಿದ್ದಿ?”

ಆ ವಾದಿಯ ಎದುರು ದಡದಲ್ಲಿ, ತೆಂಕು ಬದಿಗೆ, ಒಂದು ಖರ್ಜೂರದ ತೋಟ ಇತ್ತು. ಸುತ್ತ ಎತ್ತರದ ಗೋಡೆ, ಒಂದು ಕಬ್ಬಿಣದ ಗೇಟು. ಅದರ ಯಜಮಾನ ಶುಕ್ರವಾರ ಮಧ್ಯಾಹ್ನದ ಮೇಲೆ ಪಿಕಪ್ಪಿನಲ್ಲಿ ಬರುತ್ತಿದ್ದರು. ಅರುವತ್ತು ದಾಟಿದ ಅರಬಿ. ಮಗನ ಹೆಸರು ರಾಶಿದ್, ಆದ್ದರಿಂದ ಎಲ್ಲರಿಗೂ ಅವರು ಅಬೂ ರಾಶಿದ್. ಪಿಕಪ್ಪಿನ ಹಿಂಬದಿಯನ್ನೇ ಮೇಜು ಮಾಡಿ ನಮಗೆ ಖಾವಾ, ಅಂದರೆ ಅರಬರ ಕಾಫಿ, ಕೊಡುತ್ತಿದ್ದರು, ಜೊತೆಗೆ ಖರ್ಜೂರ. ಯಾವ ಕಾಲದಲ್ಲೋ ಬೊಂಬಾಯಿಗೆ ಹೋಗಿ ಕಲಿತ ಹಿಂದಿ ಅವರಿಗೆ ಚೆನ್ನಾಗಿ ಬರುತ್ತಿತ್ತು.

“ನೀವಿಬ್ಬರು ಇಲ್ಲಿ ಏನು ಹುಡುಕುತ್ತಿದ್ದೀರಿ?” ಎಂದು ಮೊದಲ ದಿನವೇ ಕೇಳಿದರು.

“ಏನಿಲ್ಲ. ಸಕ್ಕರೆ ಕಾಯಿಲೆ, ಡಾಕ್ಟರು ನಡೆಯಲು ಹೇಳಿದ್ದಾರೆ,” ಎಂದರು ಹಸನಾಕ. ಅವರಿಗೆ ಸಕ್ಕರೆ ಕಾಯಿಲೆ ಇರಲೇ ಇಲ್ಲ, ಅದು ನನ್ನದು. ಅಬೂ ರಾಶಿದ್ ತಮಗೂ ಇದೆ ಎಂದು ನಕ್ಕು ಇನ್ನಷ್ಟು ಖರ್ಜೂರ ಮುಂದೆ ತಳ್ಳಿದರು.

ಗಾಡಿಯಲ್ಲಿ ನಾನು ಬಯ್ದೆ. “ಹೇಳಿಬಿಡುದಲ್ವಾ ಮಾರಾಯ್ರೆ? ಇಲ್ಲಿಯದ್ದೇ ಜನ, ಅವರಿಗೆ ಗೊತ್ತಿರ್ಬಹುದು.”

“ಎಂತ ಹೇಳುದು? ನನ್ನ ತಂದೆ ನಿಮ್ಮ ದೇಶಕ್ಕೆ ಕದ್ದು ಬಂದವರು ಅಂತಲಾ? ನನ್ನ ವೀಸಾ ಮುಂದಿನ ತಿಂಗಳು ರಿನೀವಲಿಗೆ ಉಂಟು. ಎಲ್ಲಾದ್ರೂ ಬಾಯಿ ತಪ್ಪಿ ಯಾರಿಗಾದ್ರೂ ಹೇಳಿದ್ರೆ ಖಲಾಸ್.”

ಐವತ್ತು ವರ್ಷದ ಹಿಂದಿನ ಮಾತಿಗೆ ಯಾರು ವೀಸಾ ನಿಲ್ಲಿಸುತ್ತಾರೆ ಎಂದು ನಾನು ವಾದಿಸಿದೆ. ಪ್ರಯೋಜನವಾಗಲಿಲ್ಲ. ಆ ಹೆದರಿಕೆ ಅವರಿಗೆ ತಂದೆಯಿಂದ ಬಂದದ್ದು. ಮನೆಯಲ್ಲಿ ಆ ಕಥೆಯನ್ನೇ ಬಾಗಿಲು ಹಾಕಿ ಹೇಳುತ್ತಿದ್ದರಂತೆ. ನನಗೆ ಸಿಟ್ಟು ಬಂತು, ಪಾಪ ಎಂದೂ ಅನಿಸಿತು.

ಫೆಬ್ರವರಿ ಬಂತು. ನಮಗೆ ಈಸ್ಟರಿನ ಮೊದಲಿನ ತಪಸ್ಸು ಕಾಲ ಶುರುವಾಯಿತು, ಶುಕ್ರವಾರ ಮಾಂಸ ಇಲ್ಲ. ಹಸನಾಕ ಮನೆಯಿಂದ ತಂದ ಕೋಳಿ ಸುಕ್ಕದ ಡಬ್ಬಿ ಬಿಚ್ಚಿ, “ಪೊರ್ಬುಗಳೇ, ವಾಸನೆಗೆ ದೋಷ ಇಲ್ಲ, ಮೂಸಿ,” ಎಂದು ನನ್ನ ಮೂಗಿನ ಕೆಳಗೆ ಹಿಡಿಯುತ್ತಿದ್ದರು. ಬಿಸಿಲು ಬಲಿಯುತ್ತಿತ್ತು. ಮಾರ್ಚಿ ಮುಗಿದರೆ ಆ ಕಲ್ಲಿನ ನಡುವೆ ಕಾಲಿಡಲು ಸಾಧ್ಯವಿಲ್ಲ. ಊರಿನಿಂದ ತಂಗಿ ಫೋನು ಮಾಡಿ, ಉಪ್ಪ ಗಂಜಿ ಬಿಟ್ಟಿದ್ದಾರೆ, ಬರೀ ನೀರು ಎಂದಳು. ಹಸನಾಕ ಅಲ್ಲಿಂದ ಮೇಲೆ ತಮಾಷೆ ಕಡಿಮೆ ಮಾಡಿದರು.

ಆ ತಿಂಗಳ ಒಂದು ಶುಕ್ರವಾರ ಹುಡುಕಿ ಸುಸ್ತಾಗಿ ಬಡಗು ದಡದ ಒಂದು ಚಪ್ಪಡಿಯ ಮೇಲೆ ಕೂತಿದ್ದೆವು. ಅಸರ್ ನಮಾಜಿನ ಹೊತ್ತಾಯಿತು. ಹಸನಾಕ ತೋಡಿನ ನೀರಿನಲ್ಲಿ ಕೈಕಾಲು ತೊಳೆದು, ಶಾಲು ಹಾಸಿ ನಿಂತರು. ನಾನು ಅವರ ಹಿಂದೆ ಒಂದು ಬಂಡೆಗೆ ಒರಗಿ ಕಾಲು ಚಾಚಿದೆ. ಮುಂದೆ ಅವರು, ಅವರ ಮುಂದೆ ಬೆಟ್ಟ. ಸುಮ್ಮನೆ ಹಿಂದೆ ತಿರುಗಿದೆ. ವಾದಿಯ ಬಾಯಿಯಲ್ಲಿ ಕೆಳಗೆ ದೂರ ಒಂದು ಗೀಟು ಸಮುದ್ರ ಕಾಣುತ್ತಿತ್ತು.

ಒಮ್ಮೆ ರಜೆಯಲ್ಲಿ ನಾನು ಹೆಜಮಾಡಿಯ ಅವರ ಮನೆಗೆ ಹೋಗಿದ್ದೆ. ಸಂಜೆ ಅವರು ಜಗಲಿಯಲ್ಲಿ ನಮಾಜಿಗೆ ನಿಂತಿದ್ದರು, ಎದುರಿಗೆ ತೆಂಗಿನ ಸಾಲು, ಅದರಾಚೆ ಸಮುದ್ರ. ನಮ್ಮ ಕಡೆ ಮಕ್ಕಾ ಇರುವುದು ಪಡುವಣಕ್ಕೆ, ಸಮುದ್ರವೂ ಪಡುವಣಕ್ಕೆ. ಇಲ್ಲಿಯೂ ಮಕ್ಕಾ ಪಡುವಣಕ್ಕೇ. ಆದರೆ ಸಮುದ್ರ? ಅದು ಮೂಡಣಕ್ಕೆ.

ಅವರು ಬಲಕ್ಕೂ ಎಡಕ್ಕೂ ಸಲಾಂ ಹೇಳಿ ಮುಗಿಸುವವರೆಗೆ ಕಾದೆ. “ಬ್ಯಾರಿಗಳೇ,” ಎಂದೆ, ಕೀಟಲೆಗೇ ಎಂದೆ, “ಊರಲ್ಲಿ ಸಮುದ್ರಕ್ಕೆ ಮುಖ ಮಾಡಿ ನಿಲ್ಲುವವರು ಇಲ್ಲಿ ಸಮುದ್ರಕ್ಕೆ ಬೆನ್ನು ಹಾಕಿದ್ದೀರಲ್ಲ.”

ಅವರು ಶಾಲು ಮಡಚುತ್ತಿದ್ದ ಕೈ ನಿಲ್ಲಿಸಿದರು. ತಿರುಗಿ ಸಮುದ್ರ ನೋಡಿದರು, ಮತ್ತೆ ಬೆಟ್ಟ ನೋಡಿದರು.

“ಪೊರ್ಬುಗಳೇ, ನಮ್ಮ ಊರಲ್ಲಿ ಘಟ್ಟಕ್ಕೆ ಮುಖ ಮಾಡಿ ನಿಂತ್ರೆ ಬಡಗು ಯಾವ ಕೈಗೆ?”

“ಎಡಗೈಗೆ.”

“ಉಪ್ಪ ದಿಕ್ಕು ಹೇಳುದು ಸೂರ್ಯ ನೋಡಿ ಅಲ್ಲ. ಅವರಿಗೆ ಸಮುದ್ರ ಇದ್ದ ಕಡೆ ಪಡು, ಗುಡ್ಡ ಇದ್ದ ಕಡೆ ಮೂಡು. ಹುಟ್ಟಿದಂದಿನಿಂದ ಹಾಗೆ. ಘಟ್ಟ ಹತ್ತುವಾಗ ಎಡಗೈ ಬದಿ ಬಡಗು.” ಅವರು ಬೆಟ್ಟಕ್ಕೆ ಮುಖ ಮಾಡಿ ನಿಂತು ಎಡಗೈ ಚಾಚಿದರು.

ಆ ಕೈ ತೋಡು ದಾಟಿ ತೆಂಕು ದಡವನ್ನು ತೋರಿಸುತ್ತಿತ್ತು. ಅಲ್ಲಿ ಅಬೂ ರಾಶಿದರ ತೋಟದ ಗೋಡೆ. ಗೋಡೆಯ ಮೇಲೆ ಖರ್ಜೂರದ ಗರಿಗಳ ನಡುವೆ ದುಂಡಗೆ ಹಬ್ಬಿದ ಒಂದು ಮರದ ತಲೆ. ಎರಡು ತಿಂಗಳಿಂದ ಅದನ್ನು ನೋಡುತ್ತಲೇ ಇದ್ದೆವು. ಬೋರೆ ಮರ ಎಂದೂ ಗೊತ್ತಿತ್ತು. ತೆಂಕು ಬದಿಯ ಮರ ನಮಗ್ಯಾಕೆ ಎಂದು ಬಿಟ್ಟಿದ್ದೆವು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರಲ್ಲ, ಅದೇ ಕಥೆ. ನನಗೆ ನಗು ಬಂತು. ಹಸನಾಕನ ಮುಖ ನೋಡಿ ನುಂಗಿಕೊಂಡೆ.

ಆ ದಿನ ಅಬೂ ರಾಶಿದ್ ಬಂದಿರಲಿಲ್ಲ, ಗೇಟಿಗೆ ಬೀಗ. ಗೋಡೆ ಒಂದು ಕಡೆ ಕುಸಿದಿತ್ತು. ಮನಸ್ಸು ಮಾಡಿದರೆ ಹತ್ತಬಹುದಿತ್ತು. ನಾನು ಕಾಲು ಇಟ್ಟೂ ಆಗಿತ್ತು.

“ಬೇಡ, ಇಳೀರಿ,” ಎಂದರು ಹಸನಾಕ. “ಉಪ್ಪ ಕದ್ದು ಬಂದದ್ದು ಸಾಕು. ನಾನು ಕದ್ದು ಒಳಗೆ ಹೋಗುದಿಲ್ಲ.”

ಅಂದರೆ ಕೇಳಬೇಕು. ಕೇಳಬೇಕೆಂದರೆ ಹೇಳಬೇಕು. ವಾಪಸು ಬರುವ ದಾರಿಯಲ್ಲಿ ಅವರು ಊರಿಗೆ ಫೋನು ಮಾಡಲಿಲ್ಲ. ಆ ವಾರ ನನಗೂ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಮರದ ಬುಡದಲ್ಲಿ ಏನೂ ಇಲ್ಲದಿದ್ದರೆ? ತೋಟ ಮಾಡುವಾಗ ಕಲ್ಲು ತೆಗೆದು ಗೋಡೆಗೆ ಹಾಕಿದ್ದರೆ? ಹಾಸಿಗೆಯಲ್ಲಿರುವ ಮುದುಕರಿಗೆ ಏನು ಹೇಳುವುದು? ಗುರುವಾರ ಹಸನಾಕ ಫೋನು ಮಾಡಿ, ವೀಸಾ ಕಾಗದ ಇನ್ನೂ ಬಂದಿಲ್ಲ ಎಂದರು. ಫೋನು ಇಡುವ ಮೊದಲು, “ಆದ್ರೂ ನಾಳೆ ಹೋಗುವ,” ಎಂದರು.

ಮರುದಿನ ಅಬೂ ರಾಶಿದ್ ಇದ್ದರು. ಖಾವಾ ಸುರಿದರು. ಹಸನಾಕ ಕಪ್ಪು ಹಿಡಿದುಕೊಂಡರು, ಕುಡಿಯಲಿಲ್ಲ.

“ನನಗೆ ಸಕ್ಕರೆ ಕಾಯಿಲೆ ಇಲ್ಲ,” ಎಂದರು.

ಅಲ್ಲಿಂದ ಶುರು ಮಾಡಿ ಎಲ್ಲ ಹೇಳಿದರು. ಲಾಂಚು, ಈಜು, ಜ್ವರ, ನಾಯಿ ಬೊಗಳಿದ್ದು, ಕಲ್ಲು ಪೇರಿಸಿದ್ದು. ಹಿಂದಿ ಸಾಲದಾದಲ್ಲಿ ಅರಬಿ ಸೇರಿಸಿದರು, ಅದೂ ಸಾಲದಾದಲ್ಲಿ ಕೈಯಲ್ಲಿ ತೋರಿಸಿದರು. ಮುಗಿದ ಮೇಲೆ ಅಬೂ ರಾಶಿದ್ ಹಸನಾಕನ ಕೈಯಿಂದ ಆರಿದ ಖಾವಾದ ಕಪ್ಪು ತೆಗೆದುಕೊಂಡು ಚೆಲ್ಲಿದರು. ಸಿಟ್ಟಾದರು ಎಂದುಕೊಂಡೆ. ಅವರು ಗೇಟು ತೆರೆದು, “ಯಲ್ಲಾ, ಬನ್ನಿ,” ಎಂದು ಒಳಗೆ ನಡೆದರು.

ಬೋರೆ ಮರದ ಬುಡದಲ್ಲಿ ಕಲ್ಲಿನ ರಾಶಿ ಇರಲಿಲ್ಲ. ಖಬರ್ ಇತ್ತು, ಸರಿಯಾಗಿ ಮಣ್ಣು ಮಾಡಿದ ಗೋರಿ. ತಲೆಗೊಂದು ಕಲ್ಲು, ಕಾಲಿಗೊಂದು ಕಲ್ಲು ನೆಟ್ಟಿತ್ತು. ಸುತ್ತ ಹೊಳೆಯ ಬಿಳಿ ಕಲ್ಲುಗಳನ್ನು ಜೋಡಿಸಿತ್ತು. ಮಗ್ಗುಲಲ್ಲೇ ತೋಟದ ಕಾಲುವೆ ಹರಿಯುತ್ತಿತ್ತು. ಹುಲ್ಲು ಕಸ ಒಂದೂ ಇರಲಿಲ್ಲ. ಯಾರೋ ಆಗಾಗ ಗುಡಿಸಿದ ಜಾಗ ಅದು.

“ಬೆಳಿಗ್ಗೆ ನಾಯಿಗಳು ಬಿಡದೆ ಬೊಗಳುತ್ತಿದ್ದವು,” ಎಂದರು ಅಬೂ ರಾಶಿದ್. “ನನ್ನ ತಂದೆ ಹೋಗಿ ನೋಡಿದರು. ಕಲ್ಲುಗಳ ನಡುವೆ ಚೌಕುಳಿ ಲುಂಗಿಯ ತುದಿ ಕಂಡಿತು. ಕಲ್ಲು ತೆಗೆದರೆ ಚಿಕ್ಕ ಪ್ರಾಯದ ಮನುಷ್ಯ, ಕೊರಳಿನಲ್ಲಿ ತಾಯತ. ನಮ್ಮವನೇ ಎಂದು ತಿಳಿಯಿತು. ಇದೇ ಮರದ ಸೊಪ್ಪು ಕುದಿಸಿ ತಂದೆ ತೊಳೆದರು. ನೀರು ಹೊತ್ತದ್ದು ನಾನು. ಊರಿನ ಗಂಡಸರೆಲ್ಲ ನಿಂತು ನಮಾಜು ಮಾಡಿದೆವು. ನಮ್ಮ ಮನೆಯ ಹತ್ತಿರದವರೆಗೆ ಬಂದು ಬಾಗಿಲು ತಟ್ಟದೆ ಹೋದರಲ್ಲ ಎಂದು ತಂದೆಗೆ ಬಹಳ ಬೇಸರ. ತಟ್ಟಿದ್ದರೆ ಹಾಲು ಕೊಡುತ್ತಿದ್ದೆ, ಬದುಕುತ್ತಿದ್ದ, ಎಂದು ಸಾಯುವವರೆಗೆ ಹೇಳುತ್ತಿದ್ದರು. ನಾವು ಇವನನ್ನು ಅತಿಥಿ ಎನ್ನುತ್ತೇವೆ. ಪ್ರತಿ ರಂಜಾನಿನಲ್ಲಿ ಅತಿಥಿಯ ಲೆಕ್ಕದಲ್ಲಿ ದಾನ ಕೊಡುತ್ತೇವೆ.” ಆಮೇಲೆ ಕೇಳಿದರು, “ಅವನ ಹೆಸರೇನು?”

“ಪಕ್ರಬ್ಬ,” ಎಂದರು ಹಸನಾಕ. “ಫಕ್ರುದ್ದೀನ್. ಅಪ್ಪನ ಹೆಸರು ಮೊಯಿದಿನ್.”

ಅಬೂ ರಾಶಿದ್ ಖಬರಿನ ಕಡೆ ತಿರುಗಿ ಆ ಹೆಸರನ್ನು ಮೆಲ್ಲಗೆ ಹೇಳಿದರು, ಈಗ ತಾನೇ ಪರಿಚಯವಾದವರಿಗೆ ಹೇಳುವ ಹಾಗೆ. ಇಬ್ಬರೂ ಕೈ ಎತ್ತಿ ದುವಾ ಮಾಡಿದರು. ನಾನು ಸ್ವಲ್ಪ ಹಿಂದೆ ನಿಂತು ಶಿಲುಬೆಯ ಗುರುತು ಹಾಕಿಕೊಂಡು, ನನಗೆ ಬರುವುದನ್ನು ಹೇಳಿದೆ. ಹಸನಾಕ ಅತ್ತರು. ನಾನೂ ಅತ್ತೆ, ನಾಚಿಕೆ ಏನೂ ಆಗಲಿಲ್ಲ. ಹೊರಡುವಾಗ ಅಬೂ ರಾಶಿದ್ ಹಸನಾಕನ ಮೂಗಿಗೆ ಮೂಗು ತಾಗಿಸಿ ಬೀಳ್ಕೊಟ್ಟರು. ನನ್ನ ಕೈಗೆ ಒಂದು ಬಾಟಲಿ ಜೇನು ಕೊಟ್ಟು, ಸಕ್ಕರೆ ನಿಜವಾಗಿ ಇರುವುದು ಯಾರಿಗೆ ಎಂದು ಕೇಳಿದರು.

ಬೆಟ್ಟ ಇಳಿದು ನೆಟ್‌ವರ್ಕ್ ಸಿಗುವ ತಿರುವಿನಲ್ಲಿ ಗಾಡಿ ನಿಲ್ಲಿಸಿದೆ. ಜೆಸಿಂತಾಳ ಎರಡು ಮಿಸ್ಡ್ ಕಾಲ್ ಇತ್ತು. ಆಗಲೇ ಹೊರಟರೆ ಪೂಜೆಗೆ ಮುಟ್ಟಬಹುದಿತ್ತು. ಹಸನಾಕ ಊರಿಗೆ ಕರೆ ಮಾಡಿದರು. ತಂಗಿ ಫೋನು ಕಿವಿಗೆ ಹಿಡಿದಳು. ಅವರು ಬೊಬ್ಬೆ ಹೊಡೆಯುತ್ತಾ ಎಲ್ಲ ಹೇಳಿದರು. ಕಲ್ಲು ನೆಟ್ಟದ್ದು, ನೀರು ಹಾಕಿದ್ದು, ನಮಾಜು ಮಾಡಿದ್ದು, ರಂಜಾನಿನ ದಾನ. ಬಾಗಿಲು ತಟ್ಟಿದ್ದರೆ ಹಾಲು ಕೊಡುತ್ತಿದ್ದರೆಂಬುದನ್ನು ಮಾತ್ರ ಹೇಳಲಿಲ್ಲ. ಫೋನು ಕಡಿದು ಹೋಯಿತೆಂದು ಹಸನಾಕ ತೆಗೆದು ನೋಡಿದರು.

“ಯಾರು ನೀರು ಹಾಕಿದ್ದು?” ಮುದುಕರ ಸ್ವರ ಬಂತು.

“ತೋಟದವರ ತಂದೆ, ಉಪ್ಪ.”

“ಹೆಸರು ಎಂತ ಅವರದ್ದು?”

ಹಸನಾಕ ನನ್ನ ಮುಖ ನೋಡಿದರು. ಎರಡು ತಿಂಗಳು ಅವರ ಖಾವಾ ಕುಡಿದಿದ್ದೆವು. ರಾಶಿದನ ತಂದೆ ಎನ್ನುವುದು ಬಿಟ್ಟರೆ ಆ ಮನುಷ್ಯರ ಸ್ವಂತ ಹೆಸರೇ ನಮಗೆ ಗೊತ್ತಿರಲಿಲ್ಲ. ಇನ್ನು ಅವರ ತಂದೆಯ ಹೆಸರು ಎಲ್ಲಿಂದ ಬರಬೇಕು?

“ಕೇಳ್ಲಿಲ್ಲ ಉಪ್ಪ.”

“ಕೇಳ್ಲಿಲ್ವಾ? ಇಷ್ಟು ವರ್ಷ ಪಕ್ರಬ್ಬನಿಗೆ ದುವಾ ಮಾಡಿದೆ. ನನ್ನ ತಮ್ಮನ ಮಯ್ಯತ್ತು ತೊಳೆದವರಿಗೆ ಮಾಡ್ಬೇಡ್ವಾ? ಹೆಸರು ಗೊತ್ತಿಲ್ಲದೆ ಹೇಗೆ ಮಾಡ್ಲಿ? ನನಗೆ ಇನ್ನೆಷ್ಟು ದಿನ ಉಂಟು ಹಸನಾ?”

ನಾನು ಗಾಡಿ ಸ್ಟಾರ್ಟ್ ಮಾಡಿ, ಬಂದ ದಾರಿಗೇ ತಿರುಗಿಸಿದೆ. ಹಸನಾಕ ಕಿಟಕಿಗೆ ಮುಖ ಕೊಟ್ಟು, ಸಿಗ್ನಲ್ ಹೋಗುವ ಮೊದಲು ಹೇಳಿ ಮುಗಿಸಬೇಕೆಂದು ಕೂಗುತ್ತಿದ್ದರು.

“ಮಲಗ್ಬೇಡಿ ಉಪ್ಪ. ಈಗ ಹೋಗಿ ಕೇಳ್ತೇನೆ. ನಾನು ಫೋನು ಮಾಡುವವರೆಗೆ ಮಲಗ್ಬೇಡಿ.”